ಸಿಗಡಿ ಶೆಡ್ಡಿನಲ್ಲಿ ನಿನ್ನೆಯ ಧಾರಾವಾಹಿ

ಥಾಯ್ಲೆಂಡಿನ ಮಹಾಚಾಯ್ ಬಂದರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸಿಗಡಿ ಶೆಡ್ಡಿನ ಉಕ್ಕಿನ ಮೇಜುಗಳ ಮೇಲೆ ಐಸು ಸುರಿದಾಗಿದೆ. ಕೆನ್ನೆಗೆ ತನಖಾ ಮರದ ಗಂಧ ಬಳಿದುಕೊಂಡ ಬರ್ಮಾದ ಹೆಂಗಸರು ರಬ್ಬರ್ ಬೂಟು ತೊಟ್ಟು ಸಾಲಾಗಿ ನಿಂತಿದ್ದಾರೆ. ಅವರಲ್ಲೊಬ್ಬರಾದ ನ್ವೇ ಯಿನ್ ಮೊದಲ ಸಿಗಡಿಯ ತಲೆ ಮುರಿಯುತ್ತಾರೆ.

"ಎಲ್ಲಿಗೆ ನಿಲ್ಸಿದ್ದೆ ಕಥೆ?" ಎಂದು ಕೇಳುತ್ತಾರೆ.

"ಯಜಮಾನ್ತಿ ಹಸಿರು ಹರಳಿನ ಸರ ಕಾಣೆಯಾಯ್ತು. ಬೇಗ ಹೇಳೇ, ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ," ಎನ್ನುತ್ತಾರೆ ಎದುರಿಗಿರುವ ಮುದುಕಿ ಡೊ ಮ್ಯಾ.

"ನಿದ್ದೆ ಇಲ್ದೆ ಇದ್ರೆ ಆ ಗೊರಕೆ ಯಾರದು?" ಎಂದು ಯಾರೋ ಛೇಡಿಸುತ್ತಾರೆ.

ರಾತ್ರಿ ಥಾಯ್ ಧಾರಾವಾಹಿ ನೋಡುವುದು, ಬೆಳಗ್ಗೆ ಅದನ್ನು ಬರ್ಮೀ ಮಾತಿನಲ್ಲಿ ಹೇಳುವುದು: ನ್ವೇ ಯಿನ್ ಅವರಿಗೆ ಇದು ಅಭ್ಯಾಸವಾಗಿಬಿಟ್ಟಿದೆ. ಮೇಜಿನ ಸುತ್ತ ಇರುವವರಲ್ಲಿ ಹೆಚ್ಚಿನವರಿಗೆ ತೂಕ, ರೇಟು ಕೇಳುವಷ್ಟು ಥಾಯ್ ಬಿಟ್ಟರೆ ಬೇರೆ ಬಾರದು. ಕೂಲಿ ಸಿಗುವುದು ಸುಲಿದ ಸಿಗಡಿಗೆ, ಕಥೆಗೆ ಬಿಡಿಗಾಸಿಲ್ಲ. "ಐಸಿಗೆ ಬೆರಳು ಮರಗಟ್ಟಿದ್ದು ಕೇಳೋರಿಗೆ ಗೊತ್ತಾಗ್ಬಾರ್ದು, ಅಷ್ಟೇ," ಎನ್ನುತ್ತಾರೆ ಅವರು.

ಬರ್ಮಾದ ಮೌಲಮೈನ್ ಕಡೆಯಿಂದ ಗಂಡನ ಜೊತೆ ಇಲ್ಲಿಗೆ ಬಂದಾಗ ಅವರ ಬಳಿ ಟಿವಿ ಇರಲಿಲ್ಲ. ಗಂಡ ಮೀನಿನ ದೋಣಿ ಹತ್ತಿದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಪ್ಲೈವುಡ್ ಗೋಡೆಯಾಚೆ ಪಕ್ಕದ ಮನೆಯವರ ಟಿವಿ ಮಾತ್ರ ಕೇಳುತ್ತಿತ್ತು. ಥಾಯ್ ಭಾಷೆ ಬಂದದ್ದು ಹಾಗೆ. "ಮುಖ ಕಾಣ್ತಿರ್ಲಿಲ್ಲ. ನಾನೇ ಮುಖ ಇಟ್ಕೊತಿದ್ದೆ. ಅತ್ತೆ ಅಂದ್ರೆ ನಮ್ಮತ್ತೆ ಮುಖ."

ಈಗಿನ ಧಾರಾವಾಹಿಯಲ್ಲಿ ಮಲಿ ಎಂಬ ಮನೆಗೆಲಸದವಳಿದ್ದಾಳೆ, ಬರ್ಮಾದ ಹುಡುಗಿ. ನ್ವೇ ಯಿನ್ ಹೇಳುವ ಕಥೆಯಲ್ಲಿ ಅವಳು ಚುರುಕು, ಮನೆಯ ಗುಟ್ಟೆಲ್ಲ ಬಲ್ಲವಳು, ಕೈ ಶುದ್ಧ. ಆ ಬೆಳಗ್ಗೆ ಹೇಳಿದ ಕಂತಿನಲ್ಲಿ ಸರ ಸಿಕ್ಕಿದ್ದೂ ಅವಳಿಗೇ, ಆ ಮನೆಯ ಚಿಕ್ಕತ್ತೆಯ ದಿಂಬಿನೊಳಗೆ.

"ಅಲ್ಲ ಅಕ್ಕಾ," ಎಂದಳು ಥಾನ್ ಸಿಂಟ್. ಬ್ಯಾಂಕಾಕಿನ ಮನೆಯೊಂದರಲ್ಲಿ ವರ್ಷಗಟ್ಟಲೆ ದುಡಿದು, ಆ ವಾರವಷ್ಟೇ ಶೆಡ್ಡಿಗೆ ಸೇರಿದವಳು. "ನಾನೂ ನೋಡ್ದೆ. ಕದ್ದಿದ್ದು ಮಲೀನೇ. ಪೊಲೀಸ್ನೋರು ಎಳ್ಕೊಂಡ್ ಹೋದ್ರು. ಅವ್ಳು ಚುರುಕೂ ಅಲ್ಲ. ತೊದಲ್ತಾಳೆ, ಜಾರಿ ಬೀಳ್ತಾಳೆ, ಎಲ್ರೂ ನಗ್ತಾರೆ."

ಮೇಜಿನ ಸುತ್ತ ಕೈಗಳು ನಿಂತವು. ಆ ದಿನ ಕಥೆ ಮುಂದುವರಿಯಲಿಲ್ಲ.

ನ್ವೇ ಯಿನ್ ಕಥೆ ಬದಲಾಯಿಸಿದ್ದನ್ನು ಸುಳ್ಳು ಎನ್ನುವುದೋ ಬೇಡವೋ, ಹೇಳುವುದು ಕಷ್ಟ. ಕಾರಣ ಕೇಳಿದರೆ ಅವರು ಹಳೆಯದೊಂದು ಬೆಳಗನ್ನು ನೆನೆಯುತ್ತಾರೆ. ಹಿಂದಿನ ರಾತ್ರಿ ಯಾವುದೋ ಧಾರಾವಾಹಿಯಲ್ಲಿ ಬರ್ಮಾದವಳೊಬ್ಬಳು ಕದ್ದಿದ್ದಳಂತೆ. ದಿನಾ ನಕ್ಕು ಮಾತಾಡಿಸುತ್ತಿದ್ದ ಥಾಯ್ ತರಕಾರಿಯವಳು ಇವರನ್ನು ಕಂಡು ಗಲ್ಲಾಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅವ್ಳು ಕೆಟ್ಟೋಳಲ್ಲ. ಆದ್ರೆ ಅದನ್ನ ತಂದು ಈ ಮೇಜಿನ ಮೇಲೂ ಸುರೀಲಾ ನಾನು?"

ಆದರೂ ಇನ್ನು ಜೊತೆಯವರು ತನ್ನ ಮಾತು ನಂಬುವುದಿಲ್ಲವೆಂಬ ಅಳುಕು ಅವರನ್ನು ಬಿಡಲಿಲ್ಲ. ಮರುದಿನ ಇದ್ದದ್ದನ್ನು ಇದ್ದ ಹಾಗೇ ಹೇಳಿದರು: ಮಲಿ ಜೈಲಿನಲ್ಲಿದ್ದಾಳೆ, ಯಜಮಾನ್ತಿ ಸರ ಹಾಕಿಕೊಂಡು ಮದುವೆಗೆ ಹೊರಟಿದ್ದಾಳೆ.

"ಅದು ಹಾಗಲ್ಲ," ಎಂದರು ಡೊ ಮ್ಯಾ. "ಇಷ್ಟು ದಿನದಿಂದ ಆ ಹುಡುಗೀನ ಬಲ್ಲೆವು ನಾವು. ಅವ್ಳು ಕದಿಯೋಳಲ್ಲ. ಸರಿಯಾಗಿ ಹೇಳು."

ಎಲ್ಲರೂ ಥಾನ್ ಸಿಂಟ್ ಕಡೆ ನೋಡಿದರು. ಅವಳು ಐಸಿನಿಂದ ಇನ್ನೊಂದು ಹಿಡಿ ಸಿಗಡಿ ಎಳೆದುಕೊಂಡಳು. ಒಂದರ ತಲೆ ಮುರಿಯುತ್ತಾ ಕೇಳಿದಳು: "ದಿಂಬಲ್ಲಿ ಸರ ಸಿಕ್ತಲ್ಲ ಅಕ್ಕಾ, ಆಮೇಲೆ ಚಿಕ್ಕತ್ತೆ ಏನಂದ್ಲು?"

ಕಥೆ ಈಗಲೂ ನಡೆದಿದೆ. ನ್ವೇ ಯಿನ್ ಅವರಿಗೆ ದೊಡ್ಡ ಆಸೆಗಳಿಲ್ಲ. "ಒಂದೇ ಒಂದು ಧಾರಾವಾಹೀಲಿ ನಮ್ಮ ಕಡೆ ಹುಡುಗಿ ಊಟಕ್ಕೆ ಕೂತಿರ್ಬೇಕು, ಬೇರೆ ಯಾರಾದ್ರೂ ಬಡಿಸ್ಬೇಕು," ಎನ್ನುತ್ತಾ ಕೈಗವಸಿನ ನೀರು ಹಿಂಡುತ್ತಾರೆ. "ಅವತ್ತು ಒಂದಕ್ಷರಾನೂ ಬದಲಾಯಿಸ್ದೆ ಹೇಳ್ತೀನಿ."