ಚಕ್ರ ಹಾಯಬಾರದ ನೆಲ

ನಮ್ಮ ಮೆಲ್ ಸೀಮೆಯ ಹಸಿರು ದಾರಿಯಲ್ಲಿ ಸೈಕಲ್ ತುಳಿದವರಿಗೆಲ್ಲ ಅಬೆಲ್ ನೊಕೆ ಗೊತ್ತಿದ್ದ. ಹೆಸರು ಗೊತ್ತಿರಲಿಕ್ಕಿಲ್ಲ, ಅವನ ಬೇಲಿ ಗೊತ್ತಿತ್ತು. ಹಳೆಯ ರೈಲು ಹಳಿ ಕಿತ್ತ ಜಾಗದಲ್ಲಿ ಮಾಡಿದ ದಾರಿ ಅದು. ಕಾರಿಲ್ಲ, ಲಾರಿಯಿಲ್ಲ, ಏರಿಳಿತವೂ ಇಲ್ಲ. ಗಂಡ ಹೆಂಡತಿ ಪಕ್ಕಪಕ್ಕದಲ್ಲೇ ಸೈಕಲ್ ಬಿಟ್ಟುಕೊಂಡು, ಬೇಕಾದರೆ ಜಗಳವಾಡಿಕೊಂಡು, ದಿನವಿಡೀ ಹೋಗಬಹುದು. ಹಾಗೆ ಹೋಗುತ್ತ ಹೋಗುತ್ತ ಲಾ ಗ್ರೋಲಿಯೇರ್ ಎಂಬ ನಾಲ್ಕೇ ಮನೆಗಳ ಹಳ್ಳಿ ಬಂದಾಗ, ದಾರಿ ಇದ್ದಕ್ಕಿದ್ದಂತೆ ಮುಳ್ಳುತಂತಿಗೆ ಬಂದು ನಿಲ್ಲುತ್ತಿತ್ತು. ಆಚೆ ತಗ್ಗಿನಲ್ಲಿ ಹುಲ್ಲಿನ ಒಂದು ಪಟ್ಟಿ, ಅದರಾಚೆ ಇನ್ನೊಂದು ತಂತಿ, ಅಲ್ಲಿಂದ ಮತ್ತೆ ದಾರಿ. ನಡುವಿನ ಪಟ್ಟಿ ಅಬೆಲ್‌ನದು. ಸೈಕಲ್ಲಿನವರು ಅಲ್ಲಿ ಇಳಿದು, ಬೈದುಕೊಂಡು, ಪಕ್ಕದ ಟಾರು ರಸ್ತೆ ಹತ್ತಬೇಕು. ರೈಲಿನವರು ತಮ್ಮ ಕಾಲದಲ್ಲಿ ಮಣ್ಣು ತುಂಬಿ ಎತ್ತರಿಸಿದ್ದ ದಿಬ್ಬವೊಂದು ಆ ರಸ್ತೆಯಲ್ಲಿದೆ. ಅದರ ನೆತ್ತಿಯಲ್ಲೇ ತಿರುವು. ಎದುರಿಗೆ ಬರುವವರು ಮೂಗಿನ ಮುಂದೆ ಬರುವ ತನಕ ಕಾಣುವುದಿಲ್ಲ. ಅದನ್ನು ದಾಟಿ ಕೆಳಗಿಳಿದರೆ ಮತ್ತೆ ಹಸಿರು ದಾರಿ.

ಅಬೆಲ್ ಆಡು ಸಾಕಿ ಬದುಕಿದವನು. ಕೆಟ್ಟವನಲ್ಲ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಈ ಬೇಲಿಯ ವಿಷಯದಲ್ಲಿ ಅವನಿಗೆ ಕಾರಣವೂ ಇತ್ತು. ಒಂದು ಕಾಲದಲ್ಲಿ ನಮ್ಮ ಕಡೆಯ ಪ್ರೊಟೆಸ್ಟಂಟರಿಗೆ ಪಾದ್ರಿಯ ಸ್ಮಶಾನದಲ್ಲಿ ಜಾಗವಿರಲಿಲ್ಲ. ದೊರೆಯ ಕ್ಯಾಥೊಲಿಕ್ ಧರ್ಮ ಒಪ್ಪದವರು ಸತ್ತರೆ ನಾಯಿ ಸತ್ತಂತೆ. ಅವರು ತಮ್ಮವರನ್ನು ತಮ್ಮ ಹೊಲದಲ್ಲೇ ಕದ್ದು ಹೂಳಿದರು. ಶಿಲುಬೆಯಿಲ್ಲ, ಹೆಸರಿಲ್ಲ, ತಲೆಯ ಹತ್ತಿರ ಒಂದು ಸೈಪ್ರಸ್ ಗಿಡ ಅಷ್ಟೇ. ಕಾಲ ಬದಲಾದರೂ ಅಭ್ಯಾಸ ಉಳಿಯಿತು. ನೊಕೆ ಮನೆತನದ ಸೈಪ್ರಸ್ ಮರಗಳು ನಿಂತಿದ್ದ ಜಾಗಕ್ಕೇ ಸರಿಯಾಗಿ ರೈಲು ಬಂತು. ಸರ್ಕಾರದವರು ಪಟ್ಟಿ ಕಿತ್ತುಕೊಂಡರು, ಮರ ಕಡಿದರು, ನೆಲ ಕಡಿದು ತಗ್ಗು ಮಾಡಿ ಹಳಿ ಹಾಸಿದರು.

ಅಬೆಲ್‌ನ ಅಜ್ಜಿ ರೈಲು ಹಾಯುವಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು, ಅಂಗೈಯನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳಂತೆ. ಮುಂದೆ ರೈಲು ನಿಂತಿತು, ಹಳಿ ಕಿತ್ತರು, ನೆಲ ಮಾರಾಟಕ್ಕೆ ಬಂತು. ಅಬೆಲ್‌ನ ಅಪ್ಪ ಮನೆಯ ಸೂರು ಸೋರುತ್ತಿದ್ದರೂ ಅದನ್ನು ಬಿಟ್ಟು ಮೊದಲು ಆ ಪಟ್ಟಿಯನ್ನು ಕೊಂಡ. ಸಾಯುವ ಮುಂಚೆ ಮಗನ ಕೈ ಹಿಡಿದು, "ನಮ್ಮೋರ ಎದೆ ಮೇಲೆ ಇನ್ನೊಂದು ಚಕ್ರ ಹಾಯಬಾರದು" ಅಂದ. ಅಬೆಲ್ ಮಾತು ಕೊಟ್ಟ, ಕೊಟ್ಟ ಮಾತು ನಡೆಸಿದ. ತನ್ನ ಟ್ರ್ಯಾಕ್ಟರನ್ನೂ ಅಲ್ಲಿಗೆ ಬಿಡದೆ ಕುಡುಗೋಲಿನಲ್ಲೇ ಹುಲ್ಲು ಕೊಯ್ಯುತ್ತಿದ್ದ.

ಮೇಯರ್ ಜಿನೆಟ್ ಅವನ ಜೊತೆಗೇ ಶಾಲೆಗೆ ಹೋದವಳು. ವರ್ಷಕ್ಕೊಮ್ಮೆ ಬಂದು ಅವನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು ಅದೇ ಮಾತು ತೆಗೆಯುತ್ತಿದ್ದಳು.

"ನಿನ್ನ ಹಿರೀಕರು ಸೈಕಲ್‌ಗೆಲ್ಲ ಬೇಜಾರು ಮಾಡ್ಕೊಳಲ್ಲ ಕಣೋ. ರೈಲನ್ನೇ ತಡ್ಕೊಂಡೋರು."

"ತಡ್ಕೊಂಡ್ರು ಅಂತ ನಿಂಗ್ಯಾರು ಹೇಳಿದ್ದು? ಹೋಗಿ ಕೇಳ್ಕೊಂಡ್ ಬಂದ್ಯಾ?"

"ಬದುಕಿರೋರನ್ನ ನೋಡು ಅಬೆಲ್. ಆ ತಿರುವಲ್ಲಿ ಒಂದಲ್ಲ ಒಂದಿನ ಯಾರಾದ್ರೂ ಸಾಯ್ತಾರೆ."

"ಹಂಗಾದ್ರೆ ತಿರುವನ್ನ ನೆಟ್ಟಗೆ ಮಾಡ್ಸು. ಮೇಯರು ನೀನಾ, ನಾನಾ?"

ಅವನ ಹೆಂಡತಿ ಒದೀಲ್ ಇದಕ್ಕೆಲ್ಲ ಬಾಯಿ ಹಾಕುತ್ತಿರಲಿಲ್ಲ. ಅವಳು ಕ್ಯಾಥೊಲಿಕ್ ಮನೆಯಿಂದ ಬಂದವಳು. ಬೇಲಿಯ ಪಕ್ಕದ ವಾಲ್‌ನಟ್ ಮರದಡಿ ಮೇಜು ಹಾಕಿ, ಆಡಿನ ಚೀಸನ್ನೂ, ನೆತ್ತಿ ಸುಟ್ಟು ಕಪ್ಪಾಗಿರುವ ನಮ್ಮ ಕಡೆಯ ತುರ್ತೋ ಕೇಕನ್ನೂ ಇಟ್ಟುಕೊಂಡು ಸೈಕಲ್ಲಿನವರಿಗೆ ಮಾರುತ್ತಿದ್ದಳು. "ನೀನು ಓಡಿಸು, ನಾನು ತಿನ್ನಿಸ್ತೀನಿ. ಚೆನ್ನಾಗಿದೆ ನಮ್ಮ ಸಂಸಾರ" ಎಂದು ಗಂಡನನ್ನು ಕೆಣಕುತ್ತಿದ್ದಳು.

ಜೂನ್ ತಿಂಗಳ ಒಂದು ಬೆಳಿಗ್ಗೆ ಬೆಲ್ಜಿಯಂ ಕಡೆಯ ಗಂಡ ಹೆಂಡತಿ ಬಂದರು. ಗಂಡ ಗಾಸ್ಪಾರ್, ಲಿಯೇಜ್ ಊರಲ್ಲಿ ಟ್ರಾಮು ಓಡಿಸಿ ನಿವೃತ್ತನಾದವನು. ಹೆಂಡತಿ ಜೋಸೆಟ್. ಇಬ್ಬರೂ ಕೇಕು ತಿಂದು ಹೊಗಳಿದರು. ಆಮೇಲೆ ಗಾಸ್ಪಾರ್ ತಂತಿಯ ಹತ್ತಿರ ಬಂದು, ಆಚೆ ಹುಲ್ಲು ಕೊಯ್ಯುತ್ತಿದ್ದ ಅಬೆಲ್‌ನನ್ನು ಕರೆದ.

"ಸ್ವಾಮಿ, ಇವಳಿಗೆ ರಸ್ತೆ ಅಂದ್ರೆ ಭಯ. ರಸ್ತೆ ಬೇಡ ಅಂತಾನೇ ಈ ದಾರಿ ಹಿಡ್ದು ಬಂದಿದ್ದು. ಸೈಕಲ್ ತಳ್ಕೊಂಡು ನಡ್ಕೊಂಡೇ ಹೋಗ್ತೀವಿ, ಬಿಡ್ತೀರಾ?"

"ಆಗಲ್ಲ. ಇಲ್ಲಿ ಚಕ್ರ ನೆಲಕ್ಕೆ ತಾಗಬಾರದು."

"ಓ, ಅಷ್ಟೇನಾ? ಹೊತ್ಕೊಂಡ್ ಹೋಗ್ತೀನಿ ಬಿಡಿ. ಮೊದ್ಲು ಇವಳದ್ದು, ಆಮೇಲೆ ಬಂದು ನಂದು."

ಅವನು ತಮಾಷೆಗೆ ಹೇಳಿರಲಿಲ್ಲ. ಆಗಲೇ ಹೆಂಡತಿಯ ಸೈಕಲ್ಲಿನಿಂದ ಚೀಲ ಬಿಚ್ಚತೊಡಗಿದ್ದ. ಹೊತ್ತುಕೊಂಡು ಹೋದರೆ ಅಪ್ಪನಿಗೆ ಕೊಟ್ಟ ಮಾತು ತಪ್ಪುವುದಿಲ್ಲ, ಅದು ಅಬೆಲ್‌ಗೂ ಹೊಳೆಯಿತು. ಆದರೆ ಹಟ ಎನ್ನುವುದು ಮಾತಿಗಿಂತ ದೊಡ್ಡದಾಗಿ ಬೆಳೆದಿತ್ತು.

"ಇವತ್ತು ನಿಮ್ಗೆ ಬಿಟ್ರೆ ನಾಳೆ ಊರಿಗೆಲ್ಲ ಬಿಡ್ಬೇಕಾಗುತ್ತೆ. ರಸ್ತೆಯಲ್ಲೇ ಹೋಗಿ. ಇಷ್ಟೇ ಇಷ್ಟು ದೂರ."

ಗಾಸ್ಪಾರ್ ಚೀಲ ಮತ್ತೆ ಕಟ್ಟಿದ. "ಭಯ ಬೇಡ, ನಾನು ಮುಂದೆ ಇರ್ತೀನಿ. ನನ್ನ ಬೆನ್ನು ನೋಡ್ಕೊಂಡು ಬಾ" ಎಂದು ಹೆಂಡತಿಗೆ ಹೇಳಿ ಹೊರಟ.

ಆಗಷ್ಟೇ ಹಾಲಿನ ಟ್ಯಾಂಕರು ಅಬೆಲ್‌ನ ಆಡುಗಳ ಹಾಲು ತುಂಬಿಸಿಕೊಂಡು ಮನೆಯ ಇನ್ನೊಂದು ಕಡೆಯಿಂದ ರಸ್ತೆಗೆ ಹತ್ತಿತ್ತು. ಡ್ರೈವರ್ ಕ್ಲೆಬೆರ್ ಯಾವತ್ತೂ ವೇಗವಾಗಿ ಓಡಿಸಿದವನಲ್ಲ, ಆವತ್ತೂ ಓಡಿಸಿರಲಿಲ್ಲ. ಬ್ರೇಕಿನ ಸದ್ದು ಕೇಳಿ ಅಬೆಲ್ ಕುಡುಗೋಲು ಬಿಸುಟು ಓಡಿದ. ದಿಬ್ಬದ ಮೇಲೆ ಕ್ಲೆಬೆರ್ ರಸ್ತೆಯಂಚಿನಲ್ಲಿ ಕೂತು ತಲೆಯ ಮೇಲೆ ಕೈ ಹೊತ್ತಿದ್ದ. ಜೋಸೆಟ್ ಗಂಡನ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ನೋಡುತ್ತಿದ್ದಳು. ಬಿಚ್ಚಿಯೂ ಪ್ರಯೋಜನವಿರಲಿಲ್ಲ. ಒದೀಲ್ ಕೇಕಿನ ಮೇಜಿನ ಬಟ್ಟೆಯನ್ನು ತಂದು ಅವನ ಮೇಲೆ ಹೊದಿಸಿದಳು.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಅಬೆಲ್‌ಗೆ ಅದೂ ಬರಲಿಲ್ಲ. ಇನ್ನಾದರೂ ಬೇಲಿ ತೆಗೆಯುತ್ತಾನೆ ಎಂದು ಊರೆಲ್ಲ ಕಾದರೆ, ಅವನು ತಂತಿಗೆ ಇನ್ನೊಂದು ಎಳೆ ಸೇರಿಸಿದ. ಜನ ಕಲ್ಲೆದೆಯವನು ಎಂದರು. ಕಲ್ಲೂ ಅಲ್ಲ, ಮಣ್ಣೂ ಅಲ್ಲ. ಈಗ ತೆಗೆದರೆ ಆವತ್ತೂ ತೆಗೆಯಬಹುದಿತ್ತು ಎಂದು ಒಪ್ಪಿಕೊಂಡಂತಾಗುತ್ತದಲ್ಲ, ಅದನ್ನು ಅವನಿಂದ ನುಂಗಲು ಆಗಲಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದ. ಒದೀಲ್ ಮತ್ತೆ ಮರದಡಿ ಮೇಜು ಹಾಕಲಿಲ್ಲ.

ಜಿನೆಟ್ ಇನ್ನು ಅವನ ಹತ್ತಿರ ಕೇಳಲು ಬರಲಿಲ್ಲ. ಅವನೇ ಹೇಳಿದ್ದ ಕೆಲಸ ಮಾಡಿಸಿದಳು. ದ್ರಾಕ್ಷಿ ಕೊಯ್ಲು ಮುಗಿದ ಮೇಲೆ, ದಿಬ್ಬವನ್ನು ತಗ್ಗಿಸಿ ತಿರುವನ್ನು ನೆಟ್ಟಗೆ ಮಾಡಲು ಯಂತ್ರಗಳು ಬಂದವು. ಎರಡನೇ ದಿನವೇ ಕೆಲಸ ನಿಂತಿತು. ಮಣ್ಣಿನಲ್ಲಿ ಮೂಳೆ ಬಂದಿತ್ತು.

ಪೊಲೀಸರು ಬಂದು ನೋಡಿ, ಇದು ನಮ್ಮ ಕಾಲದ ಕೊಲೆಯಲ್ಲ ಎಂದು ಹೊರಟುಹೋದರು. ಆಮೇಲೆ ಪ್ವಾತಿಯೇ ನಗರದಿಂದ ಹಳೆಯ ಮೂಳೆಗಳ ತಜ್ಞೆಯೊಬ್ಬಳು ಬಂದಳು. ಹಳ್ಳಿಯವರ ಜೊತೆ ಅಬೆಲ್ಲೂ ಅಂಚಿನಲ್ಲಿ ನಿಂತು ನೋಡುತ್ತಿದ್ದ.

"ಇವರನ್ನ ಇಲ್ಲಿ ಹೂತಿದ್ದಲ್ಲ," ಎಂದಳು ಅವಳು. "ಬೇರೆ ಎಲ್ಲೋ ಅಗೆದ ಮಣ್ಣನ್ನ ಗಾಡಿಯಲ್ಲಿ ತಂದು ಸುರಿದಿದಾರೆ, ಮಣ್ಣಿನ ಜೊತೆ ಇವರೂ ಬಂದಿದಾರೆ. ಯಾರ ತಲೆ, ಯಾರ ಕಾಲು ಅಂತ ಹೇಳೋಕೂ ಆಗಲ್ಲ."

ಅವಳ ತಟ್ಟೆಯಲ್ಲಿ ಸೀಸದ ಒಂದು ಸಣ್ಣ ಬಿಲ್ಲೆಯಿತ್ತು. ಕುರಿ ಕಾಯುವವನು ನಿಂತು ಕೊಂಬು ಊದುತ್ತಿರುವ ಚಿತ್ರ. ಪ್ರೊಟೆಸ್ಟಂಟರು ಪ್ರಾರ್ಥನೆಗೂ ಕಾಡಿಗೆ ಕದ್ದು ಹೋಗಬೇಕಿದ್ದ ದಿನಗಳಲ್ಲಿ, ಗೂಢಚಾರರು ನುಸುಳದಂತೆ ನಂಬಿಕಸ್ಥರ ಕೈಗೆ ಕೊಡುತ್ತಿದ್ದ ಗುರುತು ಅದು. ಅಬೆಲ್ ಮನೆಗೆ ಹೋದ. ಬೀರುವಿನಲ್ಲಿ ಅಜ್ಜಿ ಬಿಟ್ಟುಹೋಗಿದ್ದ ಬಿಲ್ಲೆಯನ್ನು ತಂದು ತಟ್ಟೆಯಲ್ಲಿ ಅದರ ಪಕ್ಕಕ್ಕಿಟ್ಟ. ಅದೇ ಕುರುಬ, ಅದೇ ಕೊಂಬು.

ಅವತ್ತು ಅಡುಗೆಮನೆಯಲ್ಲಿ ಒದೀಲ್ ಅವನ ಮುಂದೆ ಸೂಪಿನ ಬಟ್ಟಲು ಇಟ್ಟು ಎದುರಿಗೆ ಕೂತಳು.

"ತಗ್ಗು ತೋಡಿದ ಮಣ್ಣನ್ನ ಎಲ್ಲಾದ್ರೂ ಹಾಕ್ಲೇಬೇಕಲ್ಲ ಅಬೆಲ್."

"ನಿಂಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ. ಮದುವೆ ಆಗಿ ಬಂದಾಗ್ಲೇ ಅನ್ನಿಸಿತ್ತು."

"ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಕೇಳ್ತಿದ್ಯಾ? ಕ್ಯಾಥೊಲಿಕ್ ಹೆಂಗಸಿಗೆ ನಮ್ಮನೆ ಹೆಣದ ಉಸಾಬರಿ ಯಾಕೆ ಅಂತಿದ್ದೆ." ಚಮಚವನ್ನು ಅವನ ಕಡೆ ಸರಿಸಿ ಮತ್ತೆ ಹೇಳಿದಳು: "ಹೇಳ್ಬೇಕಾಗಿತ್ತು. ಆ ಮನುಷ್ಯ ಚೀಲ ಬಿಚ್ಚುವಾಗಲಾದ್ರೂ ಹೇಳ್ಬೇಕಾಗಿತ್ತು."

ಅಬೆಲ್ ಸೂಪು ಮುಟ್ಟಲಿಲ್ಲ. ಬರಿದಾದ ಪಟ್ಟಿಯೊಂದನ್ನು ಅವನು ಜೀವಮಾನವಿಡೀ ಕಾದಿದ್ದ. ಹಿರೀಕರು ಮಲಗಿದ್ದು ರಸ್ತೆಯಡಿ. ಅವರ ಮೇಲೆ ದಿನಾ ಟ್ರ್ಯಾಕ್ಟರ್ ಓಡಿಸಿದವನು ತಾನೇ. ಆ ಬೆಲ್ಜಿಯಂನವನು ಸತ್ತಿದ್ದೂ ಅವರ ಎದೆಯ ಮೇಲೆಯೇ.

ಮೂಳೆಗಳನ್ನು ಮನೆಯ ಹಿಂದೆ ಒಂದೇ ಗುಂಡಿಯಲ್ಲಿ ಹೂತರು. ಗುಂಡಿಯನ್ನು ಅಬೆಲ್ ಒಬ್ಬನೇ ತೋಡಿದ, ಯಾರಿಗೂ ಗುದ್ದಲಿ ಕೊಡಲಿಲ್ಲ. ಬಿಲ್ಲೆಗಳೆರಡನ್ನೂ ಜೊತೆಗೇ ಇಟ್ಟ. ಮಾರನೆಯ ದಿನ ಇಕ್ಕಳ ತೆಗೆದುಕೊಂಡು ಹೋಗಿ ಎರಡು ಕಡೆಯ ತಂತಿಯನ್ನೂ ಕತ್ತರಿಸಿದ.

ಮುಂದಿನ ಜೂನ್‌ನಲ್ಲಿ ಸೈಕಲ್ಲಿನವರು ಸಾಲುಸಾಲಾಗಿ ಆ ಪಟ್ಟಿಯಲ್ಲಿ ಹಾಯುತ್ತಿದ್ದರು. ನಮಸ್ಕಾರ ಎಂದು ಕೂಗಿದರೆ ಅಬೆಲ್ ತಲೆ ಎತ್ತುತ್ತಿರಲಿಲ್ಲ. ಅಂಚಿನ ಹುಲ್ಲು ಕೊಯ್ಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಒಂದು ದಿನ ಹೆಂಗಸೊಬ್ಬಳು ಬೇಲಿಯಿದ್ದ ಜಾಗದಲ್ಲಿ ಇಳಿದು ನಿಂತಳು. ತುಂಬ ಹೊತ್ತು ನಿಂತೇ ಇದ್ದಳು. ಅವನು ತಲೆ ಎತ್ತಿದ. ಜೋಸೆಟ್.

"ತೆಗ್ದಿದೀರಿ," ಎಂದಳು.

"ಹೂಂ."

"ಹೊತ್ಕೊಂಡ್ ಹೋಗ್ತೀನಿ ಅಂದಿದ್ರು ಅವರು. ನೆನಪಿದ್ಯಾ?"

"ನೆನಪಿದೆ."

ಅವಳು ಆ ತುದಿಯಿಂದ ಈ ತುದಿಯವರೆಗೆ ಹುಲ್ಲನ್ನೇ ನೋಡಿದಳು. ಏನನ್ನೋ ಹುಡುಕುವ ಹಾಗೆ ನೋಡಿದಳು.

"ಏನಿತ್ತು ಸ್ವಾಮಿ ಇಲ್ಲಿ?"

ಅಬೆಲ್ ಕುಡುಗೋಲನ್ನು ಕೆಳಗಿಟ್ಟ.

"ಏನೂ ಇರಲಿಲ್ಲಮ್ಮ."

ಜೋಸೆಟ್ ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡು, ನಿಧಾನಕ್ಕೆ ನಡೆದೇ ಆ ಪಟ್ಟಿಯನ್ನು ದಾಟಿದಳು.