ಎದುರುಮನೆಯ ತವರು

ಈರಮ್ಮನ ಕೈ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಆ ಒಂದು ಸಲ ಮೂರು ತಿಂಗಳ ಹತ್ತಿರ ನಡೆಯಿತು. ಉಳಿದ ಕಾಲದಲ್ಲಿ ಆ ಕೈಗಳಿಗೆ ಏನಾದರೊಂದು ಬೇಕೇ ಬೇಕು. ಮಾತಾಡುತ್ತ ನನ್ನ ಸೆರಗಿನ ಎಳೆ ಕೀಳುವಳು. ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಯಾರೋ ಉಗುಳಿದ ಶೇಂಗಾ ಸಿಪ್ಪೆ ಒಟ್ಟುಮಾಡುವಳು. ನಿದ್ದೆಯಲ್ಲೂ ಅಂಗೈ ಹಾಸಿಗೆಯನ್ನು ತಟ್ಟುತ್ತಿತ್ತು. ಹಟ್ಟಿಯಲ್ಲಿ ಚಿನ್ನದ ಗಣಿ ಕೆಲಸದವರಿಗೆ ಊಟ ಹಾಕುವ ಒಂದು ಮೆಸ್ಸಿನಲ್ಲಿ ವರ್ಷಗಟ್ಟಲೆ ರೊಟ್ಟಿ ಬಡಿದ ಕೈ ಅದು. ಗಂಡ ತೀರಿದ ಮೇಲೆ ಆ ಮೆಸ್ಸಿನ ಹಿಂದಿನ ಖೋಲಿಯಲ್ಲೇ ಇದ್ದುಕೊಂಡು ಒಬ್ಬಳೇ ಮಗಳು ಸುಜಾತಾಳನ್ನು ಓದಿಸಿ, ಮಸ್ಕಿಗೆ ಮದುವೆ ಮಾಡಿಕೊಟ್ಟಿದ್ದಳು.

ಸುಜಾತಾಳ ಗಂಡನ ಮನೆ ನಮ್ಮ ಮನೆಗೆ ಎದುರು. ನಡುವೆ ಒಂದು ಓಣಿ, ಒಂದು ಚರಂಡಿ, ಅಷ್ಟೆ. ಒಂದು ದಿನ ಈರಮ್ಮ ಕೈಚೀಲ ಹಿಡಿದು ಬಂದು ನನ್ನ ಬಾಗಿಲಲ್ಲಿ ನಿಂತಳು.

"ಅಕ್ಕಾ, ಮುಂದಿನ ಖೋಲಿ ಖಾಲಿ ಐತೇನು?"

"ಯಾರಿಗೆ?"

"ನನಗ."

"ಮಗಳ ಮನಿ ಎದುರಿಗೇ ಐತಿ. ನನ್ನ ಖೋಲಿ ಯಾಕ?"

"ಅದು ಅಳಿಯನ ಮನಿ. ಬಾಣಂತನ ತವರಾಗ ಆಗಬೇಕು. ತವರು ಮಾಡಾಕ ನನಗೊಂದು ಖೋಲಿ ಬೇಕು."

ಆಮೇಲೆ ತಿಳಿಯಿತು. ಸುಜಾತಾ ಬಸುರಿ. ಹಿಂದಿನದು ದಿನ ತುಂಬುವ ಮುಂಚೆ ಹೋಗಿತ್ತು. ಈ ಸಲ ಐದು ತಿಂಗಳಿಗೆ ಕುಬಸದ ಶಾಸ್ತ್ರ ಮಾಡಿದಾಗ ಬೀಗತಿ ಹತ್ತು ಜನರ ಎದುರು ನಗುತ್ತಲೇ ಕೇಳಿದ್ದಳು, "ಬಾಣಂತನಕ್ಕ ಸೊಸೀನ ಎಲ್ಲಿಗೆ ಕಳಸೋಣ? ಹಟ್ಟಿ ಮೆಸ್ಸಿಗೇನು?" ಈರಮ್ಮ ಉಡಿ ತುಂಬಿ ಮುಗಿಸಿ, ಊಟ ಮಾಡಿ, ಹಟ್ಟಿಗೆ ಹೋಗಿ ಕೆಲಸ ಬಿಟ್ಟಳು. ಮೆಸ್ಸಿನ ಗುತ್ತಿಗೆದಾರ, "ಹದಿನೈದು ದಿನ ರಜಾ ಹಾಕು, ಬಾಣಂತನ ಮುಗಿಸಿ ಬಾ" ಅಂದನಂತೆ. "ಬಾಣಂತನ ಮುಗೀತೈತಿ. ಕೂಸು ಮುಗೀತೈತೇನ್ರೀ?" ಅಂತ ಇವಳು ಕೇಳಿದಳಂತೆ.

ನನಗೆ ಅಳುವವರನ್ನು ಕಂಡರೆ ಆಗುವುದಿಲ್ಲ. ಇವಳು ಅಳಲಿಲ್ಲ. ಖೋಲಿ ಕೊಟ್ಟೆ.

ಬಾಡಿಗೆಗೆ, ಬಾಣಂತಿಯ ಊಟಕ್ಕೆ, ತೊಟ್ಟಿಲಿಗೆ ಅವಳು ನಂಬಿಕೊಂಡದ್ದು ಮೆಸ್ಸಿನ ಪಗಾರದಲ್ಲಿ ಹಿಡಿದಿಟ್ಟ ಪಿ.ಎಫ್. ಹಣವನ್ನು. ಅಳಿಯ ಮಂಜುನಾಥ ಒಳ್ಳೆಯವನೇ. ಸಿಂಧನೂರಿನ ಟ್ರ್ಯಾಕ್ಟರ್ ಅಂಗಡಿಯಲ್ಲಿ ಕೆಲಸ, ದಿನಾ ಹೋಗಿ ಬರುವವನು. "ಖರ್ಚು ನಾ ಕೊಡ್ತೀನಿ ಅತ್ತಿ" ಅಂದ. "ನೀ ಕೊಟ್ರ ಅದು ನಿನ್ನ ಮನೀನ ಆಗ್ತೈತಿ, ತವರು ಹೆಂಗಾತು?" ಅಂದಳು.

ಲಿಂಗಸುಗೂರು ಬಸ್‌ನಿಲ್ದಾಣದ ಹತ್ತಿರ ಕಂಪ್ಯೂಟರಿನಲ್ಲಿ ಇಂಥ ಅರ್ಜಿ ಹಾಕಿಕೊಡುವ ಒಬ್ಬ ಹುಡುಗಿ ಇದ್ದಳು. ಇಬ್ಬರೂ ಹೋದೆವು. ಕೆಲಸ ಬಿಟ್ಟ ತಾರೀಖನ್ನು ಗುತ್ತಿಗೆದಾರ ಕಂಪ್ಯೂಟರಿಗೆ ಏರಿಸಬೇಕು, ಅಲ್ಲಿಂದ ಎರಡು ತಿಂಗಳು ಕೆಲಸವಿಲ್ಲದೆ ಇರಬೇಕು, ಆಮೇಲೆ ಪೂರ್ತಿ ಹಣ ಕೇಳಬಹುದು ಎಂದಳು ಆ ಹುಡುಗಿ. ಗುತ್ತಿಗೆದಾರ ತಾರೀಖು ಏರಿಸುವುದಕ್ಕೇ ತಿಂಗಳು ತಿಂದ.

ಕೆಲಸವಿಲ್ಲದೆ ಇರಬೇಕು ಅಂದದ್ದೇ ತಡ, ಈರಮ್ಮ ಕೈ ಕಟ್ಟಿ ಕೂತಳು. ನಾನು ಜೋಳ ಹಸನು ಮಾಡುತ್ತಿದ್ದರೆ ಎದುರಿಗೆ ಕೂತು ನೋಡುವಳು, ಒಂದು ಹರಳು ಎತ್ತಿ ಹಾಕುವುದಿಲ್ಲ. ಎರಡೂ ಅಂಗೈ ತೊಡೆಯ ಕೆಳಗೆ. ಬಳಗಾನೂರಿನ ಮದುವೆ ಮನೆಯವರು ರೊಟ್ಟಿ ಬಡಿಯಲು ಕರೆಯಲು ಬಂದರು, ವಾಪಸು ಕಳಿಸಿದಳು. ತನ್ನ ಹೊಟ್ಟೆಗೆ ಮಾಡಿಕೊಳ್ಳುವುದು ನಡೆಯುತ್ತದೆ, ಬೇರೆಯವರ ಮನೆಯ ಕಡ್ಡಿ ಮುಟ್ಟುವ ಹಾಗಿಲ್ಲ. ಇದು ಅವಳೇ ಮಾಡಿಕೊಂಡ ಕಾನೂನು.

"ಮಹಾರಾಣಿ, ನಿನ್ನ ನೋಡಿ ನೋಡಿ ನನಗ ಕಾಲು ಜೋಮು ಹಿಡದಾವ," ಎಂದೆ.

"ನಿನಗೇನ್ ಗೊತ್ತು ಬೇ. ಆಧಾರ ಕಾರ್ಡಿನಾಗ ನನ್ನ ಹತ್ತೂ ಬೆರಳು ಅದಾವ. ಯಾವ ಬೆರಳು ಅಲ್ಲಾಡಿದ್ರೂ ಅವರಿಗೆ ತಿಳೀತೈತಿ."

"ಹಂಗಾರ ತುರಿಸಿಕೊಳ್ಳಾಕೂ ಬ್ಯಾಡ."

"ಅದು ನಂದು. ಅದಕ್ಕ ಏನೂ ಅನ್ನಂಗಿಲ್ಲ."

ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೂ ಇದು ಹುಚ್ಚು ಅನ್ನಿಸಿತು. ಆದರೆ ಅವಳ ಮಾತಿಗೆ ಬೇರಿತ್ತು. ಮೆಸ್ಸಿನಲ್ಲಿ ಹಾಜರಿ ಹಾಕುವುದಕ್ಕೆ ಹೆಬ್ಬೆಟ್ಟಿನ ಮಷೀನು. ಬೆಳಗಿನ ಕತ್ತಲಲ್ಲಿ ಚೂರು ತಡವಾಗಿ ಬೆಟ್ಟು ಇಟ್ಟರೂ ಪಗಾರ ಕಡಿತ. ನೋಡಲು ಒಬ್ಬ ಮನುಷ್ಯನೂ ಇರುತ್ತಿರಲಿಲ್ಲ, ಆದರೂ ಕಡಿತ. ಅಂಥ ಕಡೆ ಜೀವ ಸವೆಸಿದವಳಿಗೆ ಬೆರಳು ಚಾಡಿ ಹೇಳುತ್ತದೆ ಅನ್ನಿಸಿದ್ದರಲ್ಲಿ ಏನು ತಪ್ಪು?

"ಆ ಹುಡುಗಿಗೇ ಕೇಳಿ ಬಾ," ಎಂದೆ.

"ಕೇಳಿದ್ರ ಅನುಮಾನ ಬರ್ತೈತಿ. ಏನೋ ಮಾಡಾಕತ್ಯಾಳ, ಅದಕ್ಕ ಕೇಳಾಕ ಬಂದಾಳ ಅಂತಾರ."

ಇನ್ನೂ ಎರಡು ತಿಂಗಳು ತುಂಬಿರಲಿಲ್ಲ, ಸುಜಾತಾಳಿಗೆ ಬೇನೆ ಬಂತು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಹೆರಿಗೆ. ಹೆಣ್ಣುಕೂಸು. ಸಣ್ಣದು, ಆದರೆ ಗಟ್ಟಿ. ಬಾಣಂತಿಯನ್ನು ನೇರವಾಗಿ ನಮ್ಮ ಮುಂದಿನ ಖೋಲಿಗೇ ಕರೆತಂದರು. ಆ ದಿನ ಈರಮ್ಮ ಹೊಸ್ತಿಲಿಗೆ ನೀರು ಹಾಕಿ, ಅರಿಶಿನ ಹಚ್ಚಿ, ಮಗಳನ್ನು ಒಳಗೆ ಕರೆದುಕೊಂಡಳು. ಬೀಗತಿ ಎದುರುಮನೆ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು.

ಮರುದಿನ ತೊಡಕು ಶುರುವಾಯಿತು. ಕೂಸಿಗೆ ಎರೆಯುವವರು ಯಾರು? ನಮ್ಮ ಓಣಿಯಲ್ಲಿ ಕೂಸಿಗೆ ನೀರು ಎರೆಯಲು ಬರುವ ಹೆಂಗಸಿಗೆ ಕೂಲಿ ಕೊಡುತ್ತಾರೆ. ಕೂಲಿ ಕೊಡುವ ಕೆಲಸ ಅಂದರೆ ಕೆಲಸವೇ. ಮೇಲಾಗಿ ಕೂಸು ಅಳಿಯನ ಮನೆಯದು. ಈರಮ್ಮ ಕೂಸನ್ನು ನೋಡುವಳು, ತನ್ನ ಕೈ ನೋಡುವಳು. ಕೊನೆಗೆ ಎದ್ದು ಬಾಗಿಲು ಹಾಕಿದಳು, ಕಿಟಕಿಗೆ ಹಳೆ ಸೀರೆ ಕಟ್ಟಿದಳು, ನನ್ನನ್ನು ಹೊರಗೆ ಕಾವಲು ಕೂರಿಸಿದಳು.

"ಯಾರರ ಬಂದ್ರ ನೀನ ಎರದಿ ಅನ್ನು."

"ನಾ ಹೊರಗ ಕುಂತೀನಿ, ಹೆಂಗ ಎರೀಲಿ?"

"ಏನರ ಅನ್ನು."

ಒಳಗೆ ನೀರಿನ ಸದ್ದು, ಕೂಸಿನ ಅಳು, ಕಾಲು ಚಾಚಿ ಅದನ್ನು ಮಲಗಿಸಿಕೊಂಡು ಏನೋ ಗುನುಗುವ ಈರಮ್ಮನ ದನಿ. ಅದೇ ಹೊತ್ತಿಗೆ ಕರೆಂಟಿನ ಮೀಟರ್ ನೋಡುವವನು ಕೈಯಲ್ಲಿ ಮಷೀನು ಹಿಡಿದು ಬಂದ. ಮಷೀನು ಕಂಡು ನನಗೂ ಗಾಬರಿಯಾಯಿತು.

"ಒಳಗ ಯಾರೂ ಇಲ್ಲಪ್ಪ," ಎಂದೆ.

"ಮತ್ತ ಅಳೋರು ಯಾರು ಆಯಿ?"

"ನಿನಗ ಮೀಟರ್ ನೋಡಾಕ ಕಳಿಸ್ಯಾರೋ, ಅಳೋರನ್ನ ನೋಡಾಕೋ?"

ಅವನು ಬಿಲ್ಲು ಹರಿದು ಕೊಟ್ಟು ಹೋದ. ಬಾಗಿಲು ತೆರೆದಾಗ ಈರಮ್ಮ ಕೂಸನ್ನು ಎದೆಗೆ ಅವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. "ಹೋತೇನ ಅಕ್ಕಾ, ರೊಕ್ಕ ಎಲ್ಲಾ ಹೋತೇನ?" ಅಂದಳು. ಆಗ ನನಗೆ ಸಿಟ್ಟು ಬಂತು. ಸುಜಾತಾಳ ಹತ್ತಿರ ಒಬ್ಬಳನ್ನು ಕೂರಿಸಿ, ಇವಳ ಕೈ ಹಿಡಿದು ಎಳೆದುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ.

ಕಂಪ್ಯೂಟರಿನ ಆ ಹುಡುಗಿ ಎಲ್ಲ ಕೇಳಿಸಿಕೊಂಡಳು. ನಗಲಿಲ್ಲ, ಅದಕ್ಕೆ ಅವಳನ್ನು ಮೆಚ್ಚಬೇಕು.

"ಅಮ್ಮಾ, ಮೊಮ್ಮಗಳಿಗೆ ಎರೆಯಾಕ ನಿಮಗ ಯಾರರ ಪಗಾರ ಕೊಡ್ತಾರೇನು?"

"ಇಲ್ಲವ್ವ."

"ಪಗಾರ ಇಲ್ಲಂದ್ರ ಅದು ಕೆಲಸ ಅಲ್ಲ. ಆರಾಮ ಎರೀರಿ."

ವಾಪಸು ಬರುವಾಗ ಬಸ್ಸು ಅರ್ಧ ದಾರಿ ಬಂದ ಮೇಲೆ ಈರಮ್ಮ ನನ್ನ ಸೆರಗಿನ ಎಳೆ ಕೀಳತೊಡಗಿದಳು. ಸರಿಹೋಯಿತು ಅಂದುಕೊಂಡೆ.

"ಅಕ್ಕಾ, ಪಗಾರ ಇಲ್ಲಂದ್ರ ಕೆಲಸ ಅಲ್ಲಂತ."

"ಹೂಂ."

"ಹಂಗಂದ್ರ ನೀ ಹುಟ್ಟಿದಾಗಿಂದ ಖಾಲಿ ಕುಂತೀಯಲ್ಲ ಬೇ."

ಐದು ಮಕ್ಕಳನ್ನು ಹೆತ್ತು, ಎಮ್ಮೆ ಕಟ್ಟಿ, ಅತ್ತೆಯ ಹಾಸಿಗೆ ಬಳಿದು, ಗದ್ದೆಯ ಕಳೆ ಕಿತ್ತವಳು ನಾನು. "ಹೌದಲ್ಲ, ನಂದೂ ಒಂದು ಅರ್ಜಿ ಹಾಕಿಸೋಣ ನಡಿ," ಎಂದೆ. ಇಬ್ಬರೂ ನಕ್ಕದ್ದು ಕೇಳಿ ಕಂಡಕ್ಟರ್ ತಿರುಗಿ ನೋಡಿದ.

ಹಣ ಬಂತು. ತೊಟ್ಟಿಲು ಬಂತು, ನೀರು ಕಾಯಿಸುವ ತಾಮ್ರದ ಹಂಡೆ ಬಂತು. ಐದನೇ ತಿಂಗಳಿಗೆ ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಈರಮ್ಮ ಆಟೊ ತರಿಸಿದಳು. ಎದುರುಮನೆಗೆ ಆಟೊ ಯಾಕೆ ಅಂದರೆ, "ಚರಂಡಿ ದಾಟಿಸಿ ಕಳಿಸಿದ್ರ ತವರು ಅನ್ನಂಗಿಲ್ಲ" ಅಂದಳು. ತಾಯಿ, ಕೂಸು, ತೊಟ್ಟಿಲು ಹೇರಿಕೊಂಡ ಆಟೊ ನಮ್ಮ ಬಾಗಿಲಿಂದ ಹೊರಟು, ಬಸ್‌ನಿಲ್ದಾಣ ಸುತ್ತಿ, ಪೇಟೆಯೆಲ್ಲ ತಿರುಗಿ ಬಂದು ಎದುರುಮನೆ ಮುಂದೆ ನಿಂತಿತು. ಬೀಗತಿ ಆರತಿ ತಂದಳು. "ದಾರ್ಯಾಗ ತ್ರಾಸಾತೇನು?" ಅಂತ ಸೊಸೆಗೆ ಕೇಳಿದಳು. ಚೇಷ್ಟೆಯೋ ಮರ್ಯಾದೆಯೋ ನನಗೆ ಗೊತ್ತಾಗಲಿಲ್ಲ. ಈರಮ್ಮ ಮಾತ್ರ ಮರ್ಯಾದೆ ಅಂತಲೇ ತಗೊಂಡಳು.

ಆಮೇಲೆ ಅವಳು ನನ್ನ ಖೋಲಿಯಲ್ಲೇ ಉಳಿದಳು. ರೊಟ್ಟಿ ಬಡಿದು ಮಾರಿದಳು, ಮೊಮ್ಮಗಳನ್ನು ಆಡಿಸಿದಳು, ನನ್ನ ಜೋಳ ನಾನು ಏಳುವಷ್ಟರಲ್ಲಿ ಹಸನಾಗಿರುತ್ತಿತ್ತು.

ಕೂಸು ಶಾಲೆಗೆ ಹೋಗುವಷ್ಟಾದಾಗ ಈರಮ್ಮನಿಗೆ ಹೊಟ್ಟೆ ನೋವು ಹಿಡಿಯಿತು. ಹೇಳಲಿಲ್ಲ. ಹೇಳುವಷ್ಟರಲ್ಲಿ ತಡವಾಗಿತ್ತು. ಸಿಂಧನೂರಿನ ಆಸ್ಪತ್ರೆಗೆ ನಾನು ಗಂಜಿ ತಗೊಂಡು ಹೋದಾಗ ಸುಜಾತಾ ಮಂಚದ ಪಕ್ಕದಲ್ಲಿ ಕೂತಿದ್ದಳು. ಅವಳು ಮತ್ತೆ ಮೂರು ತಿಂಗಳ ಬಸುರಿ. ಈರಮ್ಮ ಗಂಜಿ ಮುಟ್ಟಲಿಲ್ಲ. ಮಗಳನ್ನು ಚಹಾಕ್ಕೆ ಕಳಿಸಿ ನನ್ನ ಕಡೆ ತಿರುಗಿದಳು.

"ಅಕ್ಕಾ, ನಿನ್ನ ಮೊಣಕಾಲು ಈಗ ಹೆಂಗದಾವ?"

"ನನ್ನ ಕಾಲಿಗೇನಾಗೇದ. ನಿನ್ನ ಹೊಟ್ಟಿ ನೋಡ್ಕೋ."

"ಪೂರಾ ಚಾಚಾಕ ಬರ್ತಾವೇನು?"

"ಬರ್ತಾವ," ಎಂದೆ. ಅವಳು ನನ್ನ ಸೆರಗಿನ ಅಂಚು ಹಿಡಿದು, ಒಂದು ಎಳೆ ಹುಡುಕಿ ಕಿತ್ತಳು. ಯಾಕೆ ಕೇಳಿದಳೆಂದು ನನಗೆ ಹೊಳೆದದ್ದು ಮಸ್ಕಿಯ ಬಸ್ಸಿನಲ್ಲಿ. ಆ ವಾರವೇ ಈರಮ್ಮ ತೀರಿಹೋದಳು.

ಖೋಲಿ ಕೇಳಿಕೊಂಡು ನಾಲ್ಕು ಜನ ಬಂದರು, ಒಬ್ಬರು ಬ್ಯಾಂಕಿನವರು. ಖಾಲಿ ಇಲ್ಲ ಅಂದೆ. ದಿನ ತುಂಬಿ ಸುಜಾತಾಳಿಗೆ ಗಂಡು ಹುಟ್ಟಿತು. ಆಸ್ಪತ್ರೆಯಿಂದ ಬಂದ ಆಟೊ ಎದುರುಮನೆ ಮುಂದೆ ನಿಲ್ಲಬೇಕಿತ್ತು. ನಿಲ್ಲಿಸಲು ಬಿಡಲಿಲ್ಲ, ನಮ್ಮ ಬಾಗಿಲಿಗೆ ತಿರುಗಿಸಿದೆ. ಮರುದಿನ ಆ ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿ, ಕಾಲು ಚಾಚಿ ಕೂತೆ. ಮೊಣಕಾಲು ಕಟಕ್ ಅಂದಿತು. ಕೂಸನ್ನು ಹಾಕಿಕೊಂಡು ಎರೆದೆ. ಓಣಿಗೆಲ್ಲ ಕೇಳುವ ಹಾಗೆ ಅತ್ತಿತು. ಬಾಗಿಲು ಮಾತ್ರ ನಾನು ಮುಚ್ಚಿರಲಿಲ್ಲ.