ಪಡುವಣ ಗೋಡೆಯ ತಟ್ಟಿ

ಹಳೆಯ ಮನೆಗಳನ್ನು ಅಳೆಯುವುದು ನನ್ನ ಹೊಟ್ಟೆಪಾಡು. ರಕ್ಷಿತ ಪಟ್ಟಿಗೆ ಸೇರಿದ ಕಟ್ಟಡಗಳಿಗೆ ಟೇಪು ಹಿಡಿದು, ಕಂಬ ಕಿಟಕಿ ಮೆಟ್ಟಿಲು ಒಂದನ್ನೂ ಬಿಡದೆ ನಕ್ಷೆ ಬರೆದು, ಏನನ್ನು ಉಳಿಸಬೇಕು, ಏನನ್ನು ತೆಗೆಯಬೇಕು ಎಂದು ವರದಿ ಕೊಡುತ್ತೇನೆ. ಠಾಣೆ ಶಹರದ ವಾಗ್ಳೆ ಎಸ್ಟೇಟಿನಲ್ಲಿ ಹಳೇ ಕಾರ್ಖಾನೆಯೊಂದರ ಮಹಡಿಯ ಮೇಲೆ ನಮ್ಮ ಪುಟ್ಟ ಆಫೀಸು. ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡಿ ನನಗೆ ಜಂಬ ಬಂದಿತ್ತು. ಗೋಡೆಯನ್ನು ಬೆರಳಿನಿಂದ ತಟ್ಟಿ ಅದರ ಜಾತಕ ಹೇಳುತ್ತೇನೆ ಎಂದು ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದೆ.

ಆ ವಾಡೆ, ಹಳೇ ಕಾಲದ ದೊಡ್ಡ ಚೌಕಿಮನೆ, ಇದ್ದದ್ದು ಠಾಣೆಯಾಚೆಯ ಕಲ್ಯಾಣದಿಂದ ಶೇರ್ ರಿಕ್ಷಾದಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯಲ್ಲಿ. ಕಪ್ಪುಕಲ್ಲಿನ ಎತ್ತರದ ಅಡಿಪಾಯ, ಮುಂದೆ ಉದ್ದನೆಯ ಜಗಲಿ, ನಡುವೆ ಆಕಾಶ ಕಾಣುವ ಚೌಕ, ಸುತ್ತ ಸಾಗುವಾನಿ ಕಂಬಗಳು. ಗೋಡೆಗಳೆಲ್ಲ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯವು, ಒಂದೂವರೆ ಮೊಳ ದಪ್ಪ. ಮೇಲೆ ನಮ್ಮ ಮಂಗಳೂರು ಹಂಚು. ಅದನ್ನು ಕಂಡು ನನಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು.

ಇಬ್ಬರೇ ಹೆಂಗಸರು ಅಲ್ಲಿದ್ದರು. ಒಬ್ಬರು ಬೆಳಗಾವಿ ಕಡೆಯಿಂದ ಆ ಮನೆಗೆ ಸೊಸೆಯಾಗಿ ಬಂದವರು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದ್ದರು. ನಾನು ಕನ್ನಡದವಳೆಂದು ತಿಳಿದದ್ದೇ ತಡ, ತಂಗಿ ತಂಗಿ ಎಂದು ಬಿಡಲೇ ಇಲ್ಲ. ನಾನೂ ಅಕ್ಕಾ ಎಂದೆ. ಇನ್ನೊಬ್ಬರು ಅವರ ನಾದಿನಿ, ಮದುವೆಯಾಗದವರು. ಅಕ್ಕ ಅವರನ್ನು ಮರಾಠಿ ರೂಢಿಯಂತೆ ವನ್ಸ ಎನ್ನುತ್ತಿದ್ದರು. ವನ್ಸಗೆ ಮಾತು ಕಡಿಮೆ, ಕೆಲಸದಲ್ಲಿ ಕೈ ಜೋರು. ಹಂಚು ಸರಿಪಡಿಸಲು ತಾವೇ ಏಣಿ ಹತ್ತುವ ಹೆಂಗಸು.

ಪಡುವಣ ಗೋಡೆಯ ಹೊರಮೈಗೆ ಬಿದಿರಿನ ಚೌಕಟ್ಟು ಕಟ್ಟಿ, ಹುಲ್ಲು ಮತ್ತು ತಾಳೆಗರಿ ಹೆಣೆದ ತಟ್ಟಿ ಹಾಕಿದ್ದರು. ಅದರ ಮೇಲೊಂದು ಹರಕು ನೀಲಿ ಟಾರ್ಪಾಲು. ಪ್ರತಿ ವರ್ಷ ಮಳೆಗೆ ಮುಂಚೆ ವನ್ಸ ಹೊಸದಾಗಿ ಕಟ್ಟುತ್ತಿದ್ದರಂತೆ. ನನ್ನ ಫೋಟೋಕ್ಕೆ ಅದು ಅಡ್ಡ. ನೂರಾರು ವರ್ಷದ ಮನೆಯ ಮುಖಕ್ಕೆ ಚಿಂದಿ ಬಟ್ಟೆ ಕಟ್ಟಿದಂತಿದೆ ಎಂದು ನಾನೇ ಸಿಡುಕಿ, ಎರಡು ಗಂಟು ಬಿಚ್ಚಿಸಿ, ಪಕ್ಕಕ್ಕೆ ಸರಿಸಿ ಫೋಟೋ ತೆಗೆದೆ. ವರದಿಯಲ್ಲಿ ಬರೆದೆ: ಪಶ್ಚಿಮ ಗೋಡೆಯ ಹೊದಿಕೆ ಮೂಲ ಕಟ್ಟಡಕ್ಕೆ ಸೇರಿದ್ದಲ್ಲ, ತೆಗೆಯತಕ್ಕದ್ದು.

ನೆರೂಳದ ನಮ್ಮ ಮನೆಯಲ್ಲಿ ಅಮ್ಮನಿಗೆ ಆ ಫೋಟೋಗಳನ್ನು ತೋರಿಸಿ, ಪಕ್ಕಕ್ಕೆ ಸರಿಸಿದ ತಟ್ಟಿಯನ್ನು ತೆಗೆಸಲು ಬರೆದಿದ್ದೇನೆ ಎಂದೆ. ಅಮ್ಮ ಉಡುಪಿ ಕಡೆಯ ಮಣ್ಣಿನ ಮನೆಯಲ್ಲಿ ಹುಟ್ಟಿ ಬೆಳೆದವಳು. ಕನ್ನಡಕ ಏರಿಸಿಕೊಂಡು ನೋಡಿದಳು.

"ಈ ತಟ್ಟಿ ತೆಗೆಸಿದ್ರೆ ಮಳೆಗಾಲಕ್ಕೆ ಅವರು ಎಂತ ಮಾಡುದು ಮಾರಾಯ್ತಿ?"

ಇದು ಹೆರಿಟೇಜ್ ಅಮ್ಮಾ, ನಿಮ್ಮ ಊರಿನ ಹಟ್ಟಿ ಅಲ್ಲ ಎಂದು ನಕ್ಕುಬಿಟ್ಟೆ. ಅವಳು ಅಕ್ಕಿ ಆರಿಸಲು ಕೂತಳು. ಅಜ್ಜನ ಮನೆಯಲ್ಲಿ ಮೇ ತಿಂಗಳು ಬಂತೆಂದರೆ ತೆಂಗಿನ ಮಡಲು ಹೆಣೆದು, ಮಳೆ ಬಂದು ಬಡಿಯುವ ಪಡುವಣ ಗೋಡೆಗೆ ತಟ್ಟಿ ಕಟ್ಟುತ್ತಿದ್ದುದನ್ನು ನಾನು ಕಣ್ಣಾರೆ ಕಂಡವಳು. ಆ ಹಗ್ಗದ ತುದಿ ಹಿಡಿದುಕೊಂಡು ನಿಂತವಳು. ಕಲಿತದ್ದು ಹೆಚ್ಚಾಗಿ ಕಂಡದ್ದನ್ನೇ ಮರೆತೆ. ನನ್ನ ಬುದ್ಧಿಗೆ ಮಣ್ಣು ಬಿತ್ತು.

ಮೇ ತಿಂಗಳಲ್ಲಿ, ತಟ್ಟಿ ತೆಗೆಯಿರಿ ಎಂದು ಸರ್ಕಾರಿ ಕಚೇರಿಯಿಂದ ಆ ವಾಡೆಗೆ ನೋಟೀಸು ಹೋಯಿತು. ಅಕ್ಕ ಫೋನು ಮಾಡಿದಾಗ ನಾನು ಠಾಣೆ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್‌ಗೆ ಕಾಯುತ್ತಿದ್ದೆ. ವನ್ಸ ಬಿದಿರು ಸೀಳಿ ಇಟ್ಟಿದ್ದಾರೆ, ಗರಿಯೂ ಬಂದಿದೆ, ನಾಲ್ಕು ತಿಂಗಳ ಮಟ್ಟಿಗೆ ಕಟ್ಟಿಕೊಳ್ಳಬಹುದೇ ಎಂದು ಕೇಳಿದರು. ಗಾಡಿ ಬರುತ್ತಿತ್ತು, ಜನ ನೂಕುತ್ತಿದ್ದರು. ಪರವಾನಗಿ ಇಲ್ಲದೆ ಕಟ್ಟಿದರೆ ಕೇಸು ಹಾಕುತ್ತಾರೆ ಅಕ್ಕಾ, ಮೇಲಿನ ಆಫೀಸಿನವರ ನಿಯಮ, ನನ್ನ ಕೈಯಲ್ಲಿಲ್ಲ, ಅರ್ಜಿ ಹಾಕಿ ಎಂದೆ. ಶುದ್ಧ ಸುಳ್ಳು. ಒಂದು ಸಾಲು ತಿದ್ದಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಕೊಟ್ಟ ವರದಿಯನ್ನು ವಾಪಸು ಕೇಳಿದರೆ ಆಫೀಸಿನಲ್ಲಿ ಮುಖ ಸಣ್ಣದಾಗುತ್ತದಲ್ಲ ಎಂದು ಸುಮ್ಮನಾದೆ. ಅವರು ಅರ್ಜಿ ಹಾಕಿದರು. ಉತ್ತರ ಬರಲಿಲ್ಲ, ಮಳೆ ಬಂತು.

ಜುಲೈಯಲ್ಲಿ ಒಂಬತ್ತು ದಿನ ಬಿಡದೆ ಹೊಡೆಯಿತು. ಹತ್ತನೆಯ ದಿನ ಬಿಸಿಲು ಬಿತ್ತು. ಮಧ್ಯಾಹ್ನ ವನ್ಸ ಪಡುವಣ ಕೋಣೆಯಲ್ಲಿ ಒದ್ದೆ ಬಟ್ಟೆಗಳನ್ನು ಹರವುತ್ತಿದ್ದರಂತೆ. ನೀರು ಕುಡಿದು ಭಾರವಾಗಿದ್ದ ಗೋಡೆ ಬುಡದಿಂದ ಕುಸಿದು ಒಳಕ್ಕೆ ಬಿತ್ತು. ಊರಿನವರು ಕೈಯಿಂದಲೇ ಮಣ್ಣು ಬಗೆದರು. ಹೊರತೆಗೆಯುವಾಗ ಉಸಿರಿರಲಿಲ್ಲ.

ಐದನೆಯ ದಿನ ಹೋದೆ. ಹೋಗದಿರಲು ಎಷ್ಟು ನೆಪ ಹುಡುಕಿದೆನೆಂದು ದೇವರಿಗೇ ಗೊತ್ತು. ಸಾಗುವಾನಿ ಕಂಬಗಳು ನೆಟ್ಟಗೆ ನಿಂತಿದ್ದವು, ಛಾವಣಿ ಹಾಗೇ ಇತ್ತು. ಪಡುವಣ ಕೋಣೆಯ ಒಂದು ಬದಿ ಮಾತ್ರ ಬಯಲು. ಅಲ್ಲಿಂದ ಹೊರಗಿನ ಹೊಲ ಕಾಣುತ್ತಿತ್ತು. ಅಕ್ಕ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆ.

ಕಚೇರಿಗೆ ತಕರಾರು ಅರ್ಜಿ ಕೊಡಬೇಕು, ತನಗೆ ಮರಾಠಿ ಬರೆಯಲು ಬರುವುದಿಲ್ಲ, ಬರೆದುಕೊಡು ಎಂದರು. ಊರಿನಲ್ಲಿ ಮರಾಠಿ ಬರೆಯುವವರು ಮನೆಗೊಬ್ಬರಿದ್ದರು. ಆಗ ಅದು ನನಗೆ ಹೊಳೆಯಲಿಲ್ಲ. ಅವರು ಕನ್ನಡದಲ್ಲಿ ಒಂದೊಂದೇ ಮಾತು ಹೇಳುತ್ತ ಹೋದರು, ನಾನು ಮರಾಠಿಯಲ್ಲಿ ಬರೆಯುತ್ತ ಹೋದೆ. ಮನೆ ಯಾವಾಗಿನದು, ತಟ್ಟಿಯನ್ನು ಎಷ್ಟು ತಲೆಮಾರಿನಿಂದ ಕಟ್ಟುತ್ತಿದ್ದರು, ವನ್ಸ ಯಾವ ಮೂಲೆಯಲ್ಲಿ ಸಿಕ್ಕರು.

"ತಟ್ಟಿ ತಗೀರಿ ಅಂತ ಬರದವರು ಯಾರು ಅನ್ನೂದು ಬರಿ," ಎಂದರು.

ಪೆನ್ನು ನಿಂತಿತು. ಈಗಲೂ ಮೇಲಿನ ಆಫೀಸಿನವರೆಂದು ಬರೆಯಬಹುದಿತ್ತು. ಅವರಿಗೆ ಮರಾಠಿ ಓದಲು ಬಾರದು ಎಂಬ ಯೋಚನೆ ಬಂದದ್ದೂ ನಿಜ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಅದು ನಾನೇ ಅಕ್ಕಾ," ಎಂದೆ. "ನಾನೇ ಬರೆದದ್ದು."

ಅವರು ನನ್ನತ್ತ ತಿರುಗಲಿಲ್ಲ. ಬಯಲಾದ ಬದಿಯನ್ನೇ ನೋಡುತ್ತಿದ್ದರು.

"ಗೊತ್ತೈತಿ," ಎಂದರು. "ಅದಕ್ಕ ನಿನ್ನ ಕೈಲೇ ಬರಸಾಕತ್ತೀನಿ. ಬರಿ."